ಮನೆಗೆ ಬ್ರಾಡ್‌ಬ್ಯಾಂಡ್: ಮೊದಲಿನ ಅಂದಾಜು, ಆಮೇಲೆ ಆದದ್ದು

ನೆಟ್‌ವರ್ಕ್ಸ್ ಪೇಪರಿಗೆ ಕೂಡಿ ಓದುವಾಗ ಗೆಳೆಯನೊಬ್ಬ ಕೇಳಿದ: "ಫೈಬರ್ ಇಷ್ಟ ಚಲೋ ಇದ್ದರ ಮೊದಲ ಅದನ್ನ ಯಾಕ ಎಳೀಲಿಲ್ಲೋ?" ವಿಜಯಪುರದಲ್ಲಿ ಈಗ ಕಂಬದಿಂದ ಕಂಬಕ್ಕೆ ಫೈಬರ್‌ನ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ) ಕಪ್ಪು ವೈರು ಜೋತಾಡುವುದನ್ನು ದಿನಾ ನೋಡುವವರಿಗೆ ಈ ಪ್ರಶ್ನೆ ಬರಬೇಕಾದದ್ದೇ.

ಮೊದಲೇ ಎಳೆಯಬೇಕು ಎಂದೇ ಅಂದಾಜಿತ್ತು. 1980ರ ದಶಕದ ಟೆಲಿಫೋನ್ ಎಂಜಿನಿಯರುಗಳ ಲೆಕ್ಕದಲ್ಲಿ ಮೊದಲು ಐಎಸ್‌ಡಿಎನ್ ಎಂಬ ಡಿಜಿಟಲ್ ಟೆಲಿಫೋನ್ ಸೇವೆ ಬರಬೇಕು: ಹಳೆಯ ತಾಮ್ರದ ತಂತಿಯಲ್ಲೇ 64 ಕೆಬಿಪಿಎಸ್‌ನ (ಸೆಕೆಂಡಿಗೆ 64 ಸಾವಿರ ಬಿಟ್) ಎರಡು ಚಾನೆಲ್. ಅದರ ಬೆನ್ನಿಗೆ ಮನೆಮನೆಗೆ ಫೈಬರ್, ಎಟಿಎಂ, 155 ಎಂಬಿಪಿಎಸ್. (ಇದು ರೊಕ್ಕ ತೆಗೆಯುವ ಎಟಿಎಂ ಅಲ್ಲ, ಡೇಟಾವನ್ನು 53 ಬೈಟಿನ ಸೆಲ್ ಎಂಬ ಸಣ್ಣ ತುಂಡುಗಳಾಗಿ ಕಳಿಸುವ ವಿಧಾನ.) ತಂತ್ರಜ್ಞಾನ ಸಿದ್ಧವಿತ್ತು. ಪ್ರತಿ ಮನೆಯ ಮುಂದೆ ನೆಲ ಅಗೆಯುವ ಖರ್ಚು ಯಾರದು ಎಂಬಲ್ಲಿ ಲೆಕ್ಕ ನಿಂತಿತು.

ಇಷ್ಟು ವೇಗ ಯಾಕೆ ಬೇಕು ಎಂದರೆ ಆಗಿನ ಉತ್ತರ ಒಂದೇ: ಟಿವಿಯಲ್ಲಿ ಬೇಕಾದಾಗ ಬೇಕಾದ ಸಿನಿಮಾ. ಟೈಮ್ ವಾರ್ನರ್ 1994ರ ಡಿಸೆಂಬರಿನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಅಂಥ ಜಾಲ ಶುರುಮಾಡಿ 1997ರಲ್ಲಿ ಮುಚ್ಚಿತು. ಅಷ್ಟರಲ್ಲಿ ಜನ ಕಂಪ್ಯೂಟರ್ ಮುಂದೆ ಕೂತು ವೆಬ್ ನೋಡತೊಡಗಿದ್ದರು. ಆಕಾಶದಿಂದಲೇ ಕೊಡುತ್ತೇವೆಂದು 840 ಉಪಗ್ರಹಗಳ ಯೋಜನೆ ಹಾಕಿದ್ದ ಟೆಲೆಡೆಸಿಕ್, 2002ರಲ್ಲಿ ಕೆಲಸ ನಿಲ್ಲಿಸಿತು.

ಗೆದ್ದದ್ದು ಆಗಲೇ ಮನೆಯೊಳಗೆ ಬಂದಿದ್ದ ತಂತಿ. ಕೇಬಲ್ ಟಿವಿಯ ವೈರಿನಲ್ಲಿ ಇಂಟರ್ನೆಟ್ ಕೊಡಲು 1997ರಲ್ಲಿ ಡಾಕ್ಸಿಸ್ ಎಂಬ ಮಾನದಂಡ ಬಂತು. ಟೆಲಿಫೋನ್ ತಂತಿಯಲ್ಲೇ ವೇಗದ ಡೇಟಾ ಕಳಿಸಲು ಎಡಿಎಸ್ಎಲ್. ಇದನ್ನು ಮಾತ್ರ ನಿಧಾನ ಓದಿ.

ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ನೆನಪಿಸಿಕೊಳ್ಳಿ. ಆಚೆ ಬದಿಯವರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಈಚೆ ನಿಂತವರಿಗೆ ಕೇಳುತ್ತದೆ. ಆದರೆ ನಿಮ್ಮ ಪಕ್ಕದಲ್ಲೇ ಶಾಲೆಯ ಟ್ರಿಪ್ಪಿನ ಹುಡುಗರು "ಹೋ" ಎಂದು ಕೂಗುತ್ತಿದ್ದರೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಗುವುದು ಇದೇ. ನೂರಾರು ಜೋಡಿ ತಂತಿಗಳು ಅಲ್ಲಿ ಒಂದೇ ಕಟ್ಟಿನಲ್ಲಿರುತ್ತವೆ. ಮನೆಯಿಂದ ಸೊರಗಿ ಬಂದ ಸಿಗ್ನಲ್ಲನ್ನು, ಪಕ್ಕದ ಜೋಡಿಗಳಿಂದ ಜೋರಾಗಿ ಹೊರಡುವ ಸಿಗ್ನಲ್ ಮುಳುಗಿಸುತ್ತದೆ. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಜೋಸೆಫ್ ಲೆಕ್‌ಲೈಡರ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ದಾರಿ ತೋರಿಸಿದರು: ಮನೆಯಿಂದ ಹೋಗುವುದಕ್ಕೆ ಕೆಳಗಿನ ಫ್ರೀಕ್ವೆನ್ಸಿಗಳ ಕಿರಿದಾದ ಪಟ್ಟಿ, ಮನೆಗೆ ಬರುವುದಕ್ಕೆ ಮೇಲಿನ ಫ್ರೀಕ್ವೆನ್ಸಿಗಳ ಅಗಲ ಪಟ್ಟಿ. ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇಲ್ಲದಿದ್ದರೆ ಪಕ್ಕದವನ ಕೂಗು ಕಿವಿಗೆ ಬೀಳದು. ಎಡಿಎಸ್ಎಲ್‌ನ 'ಎ' ಅಂದರೆ ಅಸಿಮೆಟ್ರಿಕ್, ಈ ಅಸಮಾನತೆಯೇ. ಮಜಾ ಏನೆಂದರೆ, ಇದರ ಮೇಲೂ ಮೊದಲ ಕಣ್ಣು ಸಿನಿಮಾ ಕಳಿಸುವವರದ್ದೇ. ಬಳಕೆಗೆ ಬಂದದ್ದು ವೆಬ್ ನೋಡುವವರಿಗೆ.

ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್‌ಗೇ ಬ್ರಾಡ್‌ಬ್ಯಾಂಡ್ ಎಂದಿತು (ನಗಬೇಡಿ, ಡಯಲ್-ಅಪ್ ನೋಡಿದವರಿಗೆ ಅದೇ ಹಬ್ಬ). 2010ಕ್ಕೆ 2 ಕೋಟಿ ಸಂಪರ್ಕ ಗುರಿ. ಆ ವರ್ಷದ ಕೊನೆಗೆ ಆದದ್ದು ಸುಮಾರು 1.1 ಕೋಟಿ. ಎಡಿಎಸ್ಎಲ್‌ಗೆ ಮನೆಯಲ್ಲಿ ಲ್ಯಾಂಡ್‌ಲೈನ್ ಬೇಕು. ಜನ ಅದನ್ನೇ ಬಿಟ್ಟು ಮೊಬೈಲ್ ಹಿಡಿಯುತ್ತಿದ್ದರು. ನನ್ನ ಮಟ್ಟಿಗೆ ಈ ಕಾರಣವೇ ದೊಡ್ಡದು. 2016ರ ನಂತರ ಅಗ್ಗದ 4ಜಿ ಬಂದಾಗ ಬಹಳ ಮನೆಗಳಿಗೆ ಮೊದಲ ಬ್ರಾಡ್‌ಬ್ಯಾಂಡ್ ಕಿಸೆಯಲ್ಲೇ ಬಂತು.

ಇನ್ನು ಗೆಳೆಯನ ಫೈಬರ್. ನಮ್ಮ ಓಣಿಗೆ ಅದು ಬಂದಾಗ ಯಾರೂ ಸಲಿಕೆ ಹಿಡಿಯಲಿಲ್ಲ. ಹಿಂದೆ ಟಿವಿ ಕೇಬಲ್ ಎಳೆದಿದ್ದವನೇ ಏಣಿ ತಂದು, ಮಾಳಿಗೆಯಿಂದ ಮಾಳಿಗೆಗೆ ದಾಟಿಸಿ, ಕಿಟಕಿಯ ಮೂಲೆಗೊಂದು ತೂತು ಹೊಡೆದು ಫೈಬರಿನ ಬೆಳಕನ್ನು ಇಂಟರ್ನೆಟ್ ಸಿಗ್ನಲ್ ಮಾಡುವ ಓಎನ್‌ಯು ಡಬ್ಬಿ ಕೂರಿಸಿ ಹೋದ.