ಮಾತ್ರೆ ನುಂಗುತ್ತಿದ್ದರೂ ಬಸುರಿಯ ಹಿಮೋಗ್ಲೋಬಿನ್ ಏಕೆ ಏರುವುದಿಲ್ಲ?

ಓದುಗರ ಪ್ರಶ್ನೆ: ನನಗೀಗ ಆರು ತಿಂಗಳು. ನಾಲ್ಕನೇ ತಿಂಗಳಲ್ಲಿ ಎಚ್‌ಬಿ 9.2 ಇತ್ತು. ಅಂದಿನಿಂದ ಕಬ್ಬಿಣದ ಮಾತ್ರೆ ತಪ್ಪಿಸಿಲ್ಲ. ದಿನಾ ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ರಾಗಿ ಗಂಜಿ ತಗೊಳ್ತಿದ್ದೇನೆ. ಮೊನ್ನೆ ನೋಡಿದರೆ 9.3. ಇದರಿಂದ ಮಗುವಿನ ಮಿದುಳು ಬೆಳೆಯುವುದಕ್ಕೆ ತೊಂದರೆ ಆಗುತ್ತದಾ?

ಉತ್ತರ: ಎರಡು ತಿಂಗಳಲ್ಲಿ 0.1 ಏರಿದೆ ಅಂದರೆ ಏರಿಲ್ಲ ಎಂದೇ ಲೆಕ್ಕ. ಮಾತ್ರೆ ಮೈಗೆ ಹತ್ತುತ್ತಿದ್ದರೆ ತಿಂಗಳಿಗೆ ಕನಿಷ್ಠ 1 ಗ್ರಾಂ ಏರಬೇಕು. ಹಾಗೆ ಏರದಿದ್ದಾಗ ಮನೆಯವರು ಮಾಡುವ ಮೊದಲ ಕೆಲಸ ಇನ್ನೊಂದು ಹಣ್ಣು, ಇನ್ನೊಂದು ಜ್ಯೂಸ್ ಸೇರಿಸುವುದು. ನೋಡಬೇಕಾದದ್ದು ಬೇರೆ: ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತೀರಿ, ಅದರ ಹಿಂದೆ ಮುಂದೆ ಹೊಟ್ಟೆಗೆ ಇನ್ನೇನು ಹೋಗುತ್ತಿದೆ?

ಅದಕ್ಕೂ ಮುಂಚೆ, ಎರಡೂ ಪರೀಕ್ಷೆ ಒಂದೇ ಬಗೆಯದಾ ನೋಡಿ. ಒಂದು ಸಲ ಬೆರಳು ಚುಚ್ಚಿ, ಇನ್ನೊಂದು ಸಲ ಲ್ಯಾಬಿನಲ್ಲಿ ತೋಳಿನ ನರದಿಂದ ರಕ್ತ ತೆಗೆದಿದ್ದರೆ ಹೋಲಿಕೆ ಕಷ್ಟ. ಬೆರಳನ್ನು ಜೋರಾಗಿ ಹಿಂಡಿದರೂ ಅಂಕಿ ತಪ್ಪಾಗಿ ಕಡಿಮೆ ಬರಬಹುದು. ಬಸುರಿನಲ್ಲಿ ರಕ್ತದ ನೀರಿನಂಶ ಕೆಂಪು ಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ಎಚ್‌ಬಿ ಒಂದಿಷ್ಟು ಇಳಿಯುವುದು ಸಹಜ. ಆದರೆ 9.2 ಸಹಜ ಇಳಿತವಲ್ಲ. 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ ಎಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು.

ಈಗ ಮಾತ್ರೆಯ ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ರಕ್ತಹೀನತೆ ಇಲ್ಲದವರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದು. ನಿಮ್ಮಂತೆ 7ರಿಂದ 10.9ರ ನಡುವೆ ಇರುವವರಿಗೆ ದಿನಕ್ಕೆ ಎರಡು. ನೀವು ಒಂದೇ ನುಂಗುತ್ತಿದ್ದೀರಾ? ಹಾಗಿದ್ದರೆ ಮೊದಲ ಕಾರಣ ಅಲ್ಲೇ ಸಿಕ್ಕಿತು. ಅಂಗಡಿಯಲ್ಲಿ ಕೊಂಡ ಮಾತ್ರೆಯಾದರೆ ಪಟ್ಟಿಯ ಹಿಂಬದಿ ಓದಿ. ಫೆರಸ್ ಫ್ಯುಮರೇಟ್ 200 ಮಿಲಿಗ್ರಾಂ ಅಂದರೆ ಕಬ್ಬಿಣ 200 ಅಲ್ಲ, ಸುಮಾರು 65. ಫೆರಸ್ ಗ್ಲುಕೋನೇಟ್ 300 ಮಿಲಿಗ್ರಾಂನಲ್ಲಿ ಸಿಗುವುದು 35ರ ಆಸುಪಾಸು.

ಮಾತ್ರೆ ಹಾಳಾಗುವ ಕಡೆಗಳು ಬಹುಪಾಲು ಮನೆಗಳಲ್ಲಿ ಒಂದೇ ಥರ. ರಾತ್ರಿ ಮಲಗುವ ಮುಂಚೆ ಬಸುರಿಗೆಂದು ಒಂದು ಲೋಟ ಕೇಸರಿ ಹಾಲು ಬರುತ್ತದೆ, ಅದರ ಜತೆಗೇ ಮಾತ್ರೆ ನುಂಗಿ ಮುಗಿಸುತ್ತಾರೆ. ಹಾಲಿನ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡಗಾಲು ಹಾಕುತ್ತದೆ. (ಕೇಸರಿಯಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಹಾಲು ಒಳ್ಳೆಯದು, ಹೊತ್ತು ತಪ್ಪು ಅಷ್ಟೆ.) ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ನೆನಪಿಗೆ ಸುಲಭ ಎಂದು ಒಟ್ಟಿಗೆ ನುಂಗುವುದು ಇನ್ನೊಂದು. ಮೂರನೆಯದನ್ನು ಯಾರೂ ಹೇಳಿಕೊಳ್ಳುವುದಿಲ್ಲ: ಎದೆಯುರಿಗೆಂದು ದಿನಾ ಬೆಳಿಗ್ಗೆ ನುಂಗುವ ಗ್ಯಾಸ್ ಮಾತ್ರೆ. ಈ ಕಬ್ಬಿಣ ಕರಗಿ ಹೀರಿಕೆಯಾಗಲು ಹೊಟ್ಟೆಯ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆ ಆಮ್ಲವನ್ನೇ ಕಡಿಮೆ ಮಾಡುತ್ತವೆ. ಅದನ್ನು ಮುಂದುವರಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಕಾಫಿ, ಟೀ ಬಗ್ಗೆ ಒಂದು ಕುತೂಹಲದ ಸಂಗತಿ ಇದೆ. ಊಟದ ಜತೆ ಕುಡಿದ ಟೀ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಲ್ಲದು, ಕಾಫಿ ಅದಕ್ಕಿಂತ ತುಸು ಕಡಿಮೆ. 1980ರ ದಶಕದ ಒಂದು ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ಏನೂ ಆಗಲಿಲ್ಲ, ಊಟವಾದ ಒಂದು ಗಂಟೆಗೆ ಕುಡಿದದ್ದು ಜತೆಯಲ್ಲೇ ಕುಡಿದಷ್ಟೇ ಕೆಡಿಸಿತು. ಆದ್ದರಿಂದ ಕಾಫಿ ಬಿಡಲು ಆಗದವರು ತಿಂಡಿಗೆ ಒಂದು ಗಂಟೆ ಮುಂಚೆಯೇ ಕುಡಿದು ಮುಗಿಸಿ. ತಿಂಡಿಯ ಬೆನ್ನಿಗೇ ಕುಡಿಯುವ ಲೋಟವನ್ನು ಬಿಡಿ.

ಒಂದು ದಿನದ ಲೆಕ್ಕ ಹೀಗೆ ಹಾಕಬಹುದು. ಥೈರಾಯ್ಡ್ ಮಾತ್ರೆ ಇದ್ದರೆ ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಗೆ. ಇದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬೇಕೇ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆಯೇ ಕೆಲಸ ಮಾಡುವುದಿಲ್ಲ. 7ಕ್ಕೆ ಕಾಫಿ, ಎಂಟೂವರೆಗೆ ತಿಂಡಿ. 11ಕ್ಕೆ ಮೊದಲ ಕಬ್ಬಿಣದ ಮಾತ್ರೆ. ನಿಂಬೆ ಶರಬತ್ತಿನ ಜತೆಯಾದರೆ ಒಳ್ಳೆಯದೇ, ಬರೀ ನೀರಾದರೂ ಸಾಕು. ಮಧ್ಯಾಹ್ನದ ಊಟದ ಜತೆ ಒಂದು ಕ್ಯಾಲ್ಸಿಯಂ, ಸಂಜೆ ಹಾಲು, ರಾತ್ರಿ 8ರ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಹತ್ತೂವರೆಗೆ ಎರಡನೇ ಕಬ್ಬಿಣದ ಮಾತ್ರೆ ನುಂಗಿ ಮಲಗಿದರೆ ಹೊಟ್ಟೆ ತೊಳಸುವುದು ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಖಾಲಿ ಹೊಟ್ಟೆಗೆ ತಡೆಯಲಾಗದೆ ವಾಂತಿಯಾದರೆ ಊಟದ ಜತೆಗೇ ನುಂಗಿ. ಅರೆಬರೆ ಹೀರಿಕೆಯಾದರೂ ನಿಲ್ಲಿಸುವುದಕ್ಕಿಂತ ವಾಸಿ. ಮಲ ಕಪ್ಪಗಾದರೆ ಗಾಬರಿ ಬೇಡ, ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅದು.

ಇನ್ನು ಬೀಟ್‌ರೂಟ್. ಕೆಂಪಗಿದೆ ಎಂಬುದು ಬಿಟ್ಟರೆ ರಕ್ತಕ್ಕೂ ಅದಕ್ಕೂ ದೊಡ್ಡ ನಂಟಿಲ್ಲ. 100 ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ರಾಗಿಯಲ್ಲಿ 4.6ರಷ್ಟು ಇದೆ, ಆದರೆ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್ ಎಂಬ ಅಂಶಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ರಾಗಿಯನ್ನು ತಿನ್ನಬೇಕಾದದ್ದು ಕ್ಯಾಲ್ಸಿಯಂಗಾಗಿ, 100 ಗ್ರಾಂಗೆ 364 ಮಿಲಿಗ್ರಾಂ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಾದರೆ ಫೈಟೇಟ್ ಇಳಿದು ಕಬ್ಬಿಣವೂ ಒಂದಿಷ್ಟು ದಕ್ಕುತ್ತದೆ.

ಕಬ್ಬಿಣಕ್ಕೆ ಹುರುಳಿ, ಅಲಸಂದೆ, ಕಡಲೆ, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಎಳ್ಳು, ಹುಚ್ಚೆಳ್ಳು ನಂಬಬಹುದು. ಹುರುಳಿ ಉಷ್ಣ ಎಂದು ಅತ್ತೆ ತಡೆದರೆ ಜಗಳ ಬೇಡ, ಅಲಸಂದೆ ಕಾಳನ್ನು ಮೊಳಕೆ ಕಟ್ಟಿ ಸಾರು ಮಾಡಿ. ಸಾರು ಇಳಿಸಿದ ಮೇಲೆ ತಟ್ಟೆಯಲ್ಲೇ ನಿಂಬೆ ಹಿಂಡಿ, ಕುದಿಯುವಾಗ ಹಿಂಡಿದರೆ ಕಬ್ಬಿಣದ ಹೀರಿಕೆಗೆ ನೆರವಾಗುವ ವಿಟಮಿನ್ ಸಿ ಹಾಳು. ಊಟದ ಕೊನೆಗೆ ಅರ್ಧ ಸೀಬೆಹಣ್ಣು ತಿಂದರೂ ಅದೇ ಕೆಲಸ ಆಗುತ್ತದೆ. ಮಾಂಸ ತಿನ್ನುವವರಿಗೆ ಕುರಿ, ಕೋಳಿ, ಮೀನು ಸುಲಭದ ದಾರಿ; ಅವುಗಳ ಕಬ್ಬಿಣ ಸಸ್ಯದ್ದಕ್ಕಿಂತ ಬಹಳ ಚೆನ್ನಾಗಿ ಮೈಗೆ ಹತ್ತುತ್ತದೆ.

ಆದರೂ ಒಂದು ಲೆಕ್ಕ ನೋಡಿ. 30 ಗ್ರಾಂ ಹುರುಳಿಯಲ್ಲಿ ಸುಮಾರು 2.6 ಮಿಲಿಗ್ರಾಂ ಕಬ್ಬಿಣ. ನಮ್ಮ ಅನ್ನ, ಮುದ್ದೆಯ ಊಟದಲ್ಲಿ ನೂರಕ್ಕೆ 5ರಿಂದ 8 ಪಾಲು ಹೀರಿಕೆಯಾಗುತ್ತದೆ, ಅಂದರೆ ಹೆಚ್ಚೆಂದರೆ 0.2 ಮಿಲಿಗ್ರಾಂ. ಇಡೀ ಬಸುರಿಗೆ ಬೇಕಾಗುವ ಹೆಚ್ಚುವರಿ ಕಬ್ಬಿಣ ಸುಮಾರು 1,000 ಮಿಲಿಗ್ರಾಂ. ಈಗಾಗಲೇ 9.2ಕ್ಕೆ ಇಳಿದವರು ಊಟವೊಂದರಿಂದಲೇ ಮೇಲೇಳುತ್ತೇವೆ ಎಂದುಕೊಂಡರೆ ಅಷ್ಟರಲ್ಲಿ ಹೆರಿಗೆಯೇ ಆಗಿಹೋಗಿರುತ್ತದೆ.

ಮಗುವಿನ ಪ್ರಶ್ನೆಗೆ ಬರೋಣ. ಮಗು ತನ್ನ ಕಬ್ಬಿಣದ ಬಹುಪಾಲನ್ನು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಎಳೆದುಕೊಳ್ಳುತ್ತದೆ. ತುಂಬು ದಿನಕ್ಕೆ ಹುಟ್ಟಿದ ಮಗುವಿನಲ್ಲಿ ಕಿಲೋಗೆ ಸುಮಾರು 75 ಮಿಲಿಗ್ರಾಂ ಇರುತ್ತದೆ, ಆ ಗಂಟಿನಲ್ಲೇ ಅದು ಮೊದಲ ನಾಲ್ಕರಿಂದ ಆರು ತಿಂಗಳು ಕಳೆಯಬೇಕು. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಮಿದುಳಿನ ನರಗಳ ಸುತ್ತ ಹೊದಿಕೆ ಮೂಡುವುದಕ್ಕೆ, ನೆನಪಿಗೆ ಸಂಬಂಧಿಸಿದ ಭಾಗ ಬಲಿಯುವುದಕ್ಕೆ ಕಬ್ಬಿಣ ಬೇಕು. ಕಬ್ಬಿಣ ಸಾಲದಾದಾಗ ಮಗುವಿನ ಮೈ ಅದನ್ನು ಮೊದಲು ಕೆಂಪು ಕಣಗಳಿಗೆ ಕೊಡುತ್ತದೆ, ಮಿದುಳಿನ ಸರದಿ ಆಮೇಲೆ. ಹೀಗಾಗಿ ಮಗುವಿನ ಎಚ್‌ಬಿ ಸರಿಯಿದ್ದೂ ಮಿದುಳಿಗೆ ಕಬ್ಬಿಣ ಕಡಿಮೆ ಬೀಳಬಹುದು. ಹಾಗೆಂದು 9.3 ಎಂದ ಕೂಡಲೇ ಮಗು ಮಂದವಾಗುತ್ತದೆ ಎಂದಲ್ಲ. ಕೊರತೆ ಎಷ್ಟು ತೀವ್ರ, ಎಷ್ಟು ದಿನ ಎಂಬುದರ ಮೇಲೆ ಹೋಗುತ್ತದೆ. ಮಗು ಎಳೆದುಕೊಳ್ಳುವ ಹೊತ್ತು ನಿಮಗಿನ್ನೂ ಮುಂದಿದೆ. ಹೆರಿಗೆ ಹೊತ್ತಿಗೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ತಡೆದು ಕತ್ತರಿಸುವಂತೆ ಮೊದಲೇ ಕೇಳಿಕೊಳ್ಳಿ, ಅಷ್ಟರಲ್ಲಿ ಮಗುವಿಗೆ ಇನ್ನೊಂದಿಷ್ಟು ರಕ್ತ ಹರಿಯುತ್ತದೆ.

ಹೊತ್ತು ಸರಿಮಾಡಿ, ಎರಡು ಮಾತ್ರೆ ನುಂಗಿಯೂ ತಿಂಗಳಲ್ಲಿ 1 ಗ್ರಾಂ ಏರದಿದ್ದರೆ ಕಬ್ಬಿಣವನ್ನೇ ದೂರಬೇಡಿ. ರಕ್ತದ ಪೂರ್ಣ ಎಣಿಕೆಯ ವರದಿಯಲ್ಲಿ ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) ಎಂಬ ಅಂಕಿ ನೋಡಿ. ಅದು 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯ ಅನುಮಾನ, ಹಾಲು ಮೊಸರನ್ನೂ ಅಷ್ಟಾಗಿ ತಿನ್ನದ ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. 80ಕ್ಕಿಂತ ಕೆಳಗಿದ್ದು ಕೆಂಪು ಕಣಗಳ ಸಂಖ್ಯೆ ಮಾತ್ರ ಹೆಚ್ಚಿದ್ದರೆ ವಂಶದಿಂದ ಬರುವ ರಕ್ತದ ರೋಗವಾದ ಥಲಸ್ಸೀಮಿಯಾದ ವಾಹಕತ್ವ ಇದೆಯೇ ಎಂದು ಪರೀಕ್ಷಿಸಬೇಕು. ಇದ್ದರೆ ಗಂಡನಿಗೂ ಅದೇ ಪರೀಕ್ಷೆ ತಡಮಾಡದೆ ಆಗಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲಿ 30ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆಯೇ ಎಂದು ಖಾತ್ರಿ. ಜಂತುಹುಳವೂ ಕಾರಣವಿರಬಹುದು; ಅದಕ್ಕೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಸಲ ಕೊಡುತ್ತಾರೆ, ಮೊದಲ ಮೂರು ತಿಂಗಳು ಬಿಟ್ಟು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಬಯಕೆ ಎಂದು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಕಬ್ಬಿಣದ ಕೊರತೆಯಲ್ಲಿ ಹೀಗಾಗುತ್ತದೆ.

ಮಾತ್ರೆಯಿಂದ ಆಗದಿದ್ದರೆ ನರಕ್ಕೆ ಕಬ್ಬಿಣದ ಡ್ರಿಪ್ ಹಾಕುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಹಿಡಿದು ಹೋಗಿ ಕೇಳಬಹುದು. ಎಚ್‌ಬಿ 7ಕ್ಕಿಂತ ಇಳಿದರೆ, ಕೂತಲ್ಲೇ ಏದುಸಿರು ಬಂದರೆ 9ನೇ ತಾರೀಖಿಗೆ ಕಾಯಬೇಡಿ, ಅಂದೇ ಹೋಗಿ.

ಹೆರಿಗೆಯಾದ ಮೇಲೂ 180 ದಿನ ಮಾತ್ರೆ ನಿಲ್ಲಿಸುವಂತಿಲ್ಲ. ಮನೆಯಲ್ಲಿ ಓಡಾಡುವ ಮೊದಲ ಮಗು ಇದ್ದರೆ ಡಬ್ಬಿ ಅಟ್ಟದ ಮೇಲಿರಲಿ. ಕೆಂಪು ಸಕ್ಕರೆ ಲೇಪದ ಮಾತ್ರೆ ಪೆಪ್ಪರಮೆಂಟಿನಂತೆಯೇ ಕಾಣುತ್ತದೆ, ಪುಟ್ಟ ಮಗು ನಾಲ್ಕಾರು ನುಂಗಿದರೂ ಜೀವಕ್ಕೆ ಅಪಾಯ. ಎಷ್ಟು ನುಂಗಿದೆ ಎಂದು ಎಣಿಸುತ್ತ ಕೂರದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ.