ಕವಡೆ ಅಂದರೆ ‘ಬೇಡ’

ಆಟಗಳನ್ನು ಕಟ್ಟುವುದು ನನ್ನ ಕಸುಬು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಶನಿವಾರ ಆಡಿಸುವ ಆಟ. ಬೇಕಾಗುವುದು ಒಂದು ಅಳಗುಳಿ ಮಣೆ, ಹಿಡಿ ಹುಣಸೆ ಬೀಜ, ನಾಲ್ಕಾರು ಕವಡೆ. ಒಂದು ತಂಡ ಭೂಮಿಯವರದು. ಪಕ್ಕದ ಕೋಣೆಯಲ್ಲಿ ಕೂತವರು ಅನ್ಯಲೋಕದವರು. ಅವರ ಕಣ್ಣಿಗೆ ಬಟ್ಟೆ ಕಟ್ಟುತ್ತೇನೆ, ಬೆರಳಲ್ಲೇ ಓದಬೇಕು. ಮಾತಿಲ್ಲ, ಅಕ್ಷರವಿಲ್ಲ. ಮಣೆ ಹೊತ್ತು ಓಡಾಡುವವಳು ನಾನು. ಎರಡೂ ಕಡೆ ಒಂದು ಅಡಿಕೆ, ಒಂದು ಅಂಗಿಯ ಗುಂಡಿ, ಒಂದು ಬೆಣಚುಕಲ್ಲು ಇರುತ್ತದೆ. ಭೂಮಿಯವರು ಹೇಳಬೇಕಾದದ್ದು ಇಷ್ಟೇ: ಅಡಿಕೆ ಮುಟ್ಟಬೇಡಿ.

ಮೊದಲ ಸಲ ಹೆಚ್ಚಿನವರು ಅಡಿಕೆಯ ಸುತ್ತ ಬೀಜ ರಾಶಿ ಹಾಕುತ್ತಾರೆ. ಅವರ ಲೆಕ್ಕದಲ್ಲಿ ಅದು ಅಪಾಯ. ಆ ಕಡೆಯವರಿಗೆ ಅದು ಬೆಲೆಬಾಳುವ ವಸ್ತು! ನೇರವಾಗಿ ಅಡಿಕೆಗೇ ಕೈ ಹಾಕುತ್ತಾರೆ. 1972ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ಪಯೋನಿಯರ್ ನೌಕೆಯಲ್ಲಿ ಅನ್ಯಲೋಕದವರಿಗೆಂದು ಇಟ್ಟ ಫಲಕದಲ್ಲಿ ದಾರಿ ತೋರಿಸಲು ಬಾಣದ ಗುರುತು ಹಾಕಿದ್ದರು. ಬಿಲ್ಲುಬಾಣವನ್ನೇ ಕಾಣದವರಿಗೆ ಅದು ಏನು ಹೇಳೀತು ಎಂದು ಕಲಾ ಇತಿಹಾಸಕಾರ ಗೊಂಬ್ರಿಚ್ ಆಗಲೇ ಕೇಳಿದ್ದರು. ನಮ್ಮ ಬೀಜದ ರಾಶಿಯೂ ಅದೇ ಜಾತಿಯದು.

ಒಂದು ಶನಿವಾರ ಗಣಿತದ ಮೇಷ್ಟ್ರೊಬ್ಬರು ಬಂದಿದ್ದರು. ಅವರು ಅಡಿಕೆಯ ತಂಟೆಗೇ ಹೋಗಲಿಲ್ಲ. ಗುಳಿಗಳಲ್ಲಿ 2, 3, 5 ಬೀಜ ಇಟ್ಟು ಕಳಿಸಿದರು. ಆಮೇಲೆ 1, 4, 5. ಮೂರನೇ ಸಲ 2, 2 ಇಟ್ಟು ಮುಂದಿನ ಗುಳಿ ಖಾಲಿ ಬಿಟ್ಟರು. ಆ ಕಡೆಯಿಂದ 4 ಬಂತು. ಆಮೇಲೆ ಬೇಕೆಂದೇ ತಪ್ಪು ಲೆಕ್ಕ ಇಟ್ಟರು: 2, 3, 6. ಅದರ ಪಕ್ಕದಲ್ಲಿ ಒಂದು ಕವಡೆ. ಇನ್ನೂ ಎರಡು ತಪ್ಪು ಲೆಕ್ಕ, ಮತ್ತೆ ಕವಡೆ. ಕೊನೆಗೆ ಒಂದು ಗುಳಿಯಲ್ಲಿ ಅಡಿಕೆ, ಪಕ್ಕದಲ್ಲಿ ಕವಡೆ. ಅನ್ಯಲೋಕದವರು ಅಡಿಕೆಯನ್ನು ಮೆಲ್ಲಗೆ ದೂರ ಸರಿಸಿದರು. ನನಗೆ ಮೈ ಜುಮ್ಮೆಂದಿತು.

ಗಣಿತಜ್ಞ ಹಾನ್ಸ್ ಫ್ರಾಯ್ಡೆಂಟಾಲ್ 1960ರಲ್ಲಿ ಅನ್ಯಲೋಕದವರೊಡನೆ ಮಾತಾಡಲೆಂದು ‘ಲಿಂಕೋಸ್’ ಎಂಬ ಭಾಷೆ ಕಟ್ಟಿದ್ದು ಹೆಚ್ಚುಕಡಿಮೆ ಹೀಗೇ. ಮೊದಲು ಎಣಿಕೆ, ಲೆಕ್ಕ. ಆಮೇಲೆ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಉತ್ತರಿಸುತ್ತಾನೆ. ಉತ್ತರ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಮೇಷ್ಟ್ರಿಗೆ ಈ ಹೆಸರೇ ಗೊತ್ತಿರಲಿಲ್ಲ.

ಅವತ್ತು ತಡವಾಗಿ ಬಂದ ಒಬ್ಬರಿಗೆ ಆ ಕೊನೆಯ ಮಣೆ ತೋರಿಸಿದೆ. "ಕವಡೆ ಅಂದ್ರೆ ದುಡ್ಡಲ್ವಾ?" ಅಂದರು. ಅವರ ತಪ್ಪೇನೂ ಇಲ್ಲ. ಆ ಗುರುತು ಹುಟ್ಟುವಾಗ ಅವರು ಅಲ್ಲಿರಲಿಲ್ಲ. ಮನಶ್ಶಾಸ್ತ್ರಜ್ಞ ಸೈಮನ್ ಗ್ಯಾರಡ್ ಮತ್ತು ಸಂಗಡಿಗರು ಚಿತ್ರ ಬಿಡಿಸಿ ಊಹಿಸುವ ಆಟದಲ್ಲಿ ಇದನ್ನೇ ಕಂಡರು, 2007ರಲ್ಲಿ. ಇಬ್ಬರು ಮತ್ತೆ ಮತ್ತೆ ಆಡಿದರೆ ಚಿತ್ರ ಸವೆದು ಎರಡು ಗೆರೆಗೆ ಇಳಿಯುತ್ತದೆ. ಆಡಿದವರಿಗೆ ಅಷ್ಟು ಸಾಕು. ಸುಮ್ನೆ ನೋಡುತ್ತಿದ್ದವರಿಗೆ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಎದುರಿನಿಂದ ಪ್ರತಿಕ್ರಿಯೆ ಇಲ್ಲದಿದ್ದರೆ ಚಿತ್ರ ಸವೆಯುವುದೂ ಇಲ್ಲ, ಇನ್ನೂ ಜಟಿಲವಾಗುತ್ತದೆ.

ಆಕಾಶಕ್ಕೆ ಕಳಿಸಿದ ಸಂದೇಶಗಳ ಬಗ್ಗೆ ನನ್ನ ಸಂಕಟ ಇಲ್ಲೇ ಇರುವುದು. 1974ರ ನವೆಂಬರ್ 16ರಂದು ಪೋರ್ಟೊ ರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದಿಂದ 1679 ಬಿಟ್‌ಗಳ, ಅಂದರೆ ಬರೀ ಸೊನ್ನೆ-ಒಂದುಗಳ, ಸಂದೇಶ ಹೊರಟಿತು. 1679 ಅಂದರೆ 23 ಗುಣಿಸು 73. ಎರಡೂ ಅವಿಭಾಜ್ಯ ಸಂಖ್ಯೆಗಳು, ಹಾಗಾಗಿ ಸಮನಾದ ಸಾಲುಗಳಾಗಿ ಜೋಡಿಸಲು ಬೇರೆ ಅಳತೆ ಸಿಗದು. ಪಡೆದವರು ಅದನ್ನು ಸಾಲುಗಳಾಗಿ ಜೋಡಿಸಿ ಚಿತ್ರ ಕಾಣಲಿ ಎಂಬ ಆಸೆ. ಗುರಿಯಾದ ಎಂ13 ನಕ್ಷತ್ರಗುಚ್ಛ ಸುಮಾರು 25,000 ಜ್ಯೋತಿರ್ವರ್ಷ ದೂರ. "ಅರ್ಥವಾಯಿತಾ?" ಎಂದು ಕೇಳಿ ಉತ್ತರ ಪಡೆಯಲು 50,000 ವರ್ಷ ಬೇಕು. ಅಷ್ಟರಲ್ಲಿ ಮೇಷ್ಟ್ರ ಕವಡೆಯಂಥ ಗುರುತು ಹುಟ್ಟುವುದು ಹೇಗೆ?

ಅದಕ್ಕೇ ಆಟದ ಕೊನೆಯ ಸುತ್ತಿನಲ್ಲಿ ನಾನು ಉತ್ತರವನ್ನೇ ತೆಗೆದುಬಿಡುತ್ತೇನೆ. ಒಂದೇ ಮಣೆ, ಒಂದೇ ಸಲ. ದೊಡ್ಡವರು ಗಾಬರಿಯಿಂದ ಹದಿನಾಲ್ಕು ಗುಳಿಯನ್ನೂ ತುಂಬಿಸುತ್ತಾರೆ. ಹತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ ಒಂದು ಸಾಲು ತುಂಬಿಸಿ ಇನ್ನೊಂದನ್ನು ಹಾಗೇ ಬಿಟ್ಟಳು. ಯಾಕಮ್ಮಾ ಎಂದೆ.

"ಅವರು ಇಡೋದಕ್ಕೆ ಜಾಗ ಬೇಡ್ವಾ ಆಂಟಿ?"

ಉತ್ತರ ಬರುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಆದರೂ ಮಣೆಯನ್ನು ಹಾಗೇ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದೆ. ಕಣ್ಣು ಕಟ್ಟಿಕೊಂಡಿದ್ದವರೊಬ್ಬರ ಬೆರಳು ಆ ಖಾಲಿ ಸಾಲಿನ ಮೇಲೆ ತುಂಬ ಹೊತ್ತು ನಿಂತಿತ್ತು.