ಮಸೂದೆಯಿಂದ ಕಾಯ್ದೆಗೆ: ತೃತೀಯ ಲಿಂಗಿಗಳು ಅಳಿಸಿದ ಸಾಲುಗಳು

ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಓದುವಾಗ ಕಲಂಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. 2016ರ ಮಸೂದೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದರಲ್ಲಿದ್ದು ಇದರಲ್ಲಿ ಇಲ್ಲದ ಸಾಲು ಯಾವುದು ಅಂತ ಹುಡುಕಿ. ಅವು ತಾವಾಗಿ ಹೋದವಲ್ಲ.

ಹಿನ್ನೆಲೆ ಇಷ್ಟು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪು ಕೊಟ್ಟಿತು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ, ಆಪರೇಷನ್ ಮಾಡಿಸಿಕೊಂಡಿರಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. 2015ರಲ್ಲಿ ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ ಅವರ ಖಾಸಗಿ ಮಸೂದೆಯನ್ನು ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಅದು ದಡ ಸೇರಲಿಲ್ಲ. ಮರುವರ್ಷ ಸರ್ಕಾರ ತನ್ನದೇ ಮಸೂದೆ ತಂದಿತು.

ಅದರಲ್ಲಿದ್ದ ತೃತೀಯ ಲಿಂಗಿಯ ವ್ಯಾಖ್ಯೆ ಓದಿದರೆ ನನಗೆ ಈಗಲೂ ಸಂಕಟವಾಗುತ್ತದೆ: ಪೂರ್ತಿ ಹೆಣ್ಣೂ ಅಲ್ಲದ, ಪೂರ್ತಿ ಗಂಡೂ ಅಲ್ಲದ ವ್ಯಕ್ತಿ! ತಾನು ಹೆಣ್ಣು ಎಂದು ಬದುಕುತ್ತಿರುವವಳಿಗೆ ಕಾನೂನೇ 'ನೀನು ಅರ್ಧ' ಅಂದ ಹಾಗಾಯಿತು, ಅಲ್ವಾ? ಗುರುತಿನ ಪ್ರಮಾಣಪತ್ರ ಬೇಕಾದರೆ ಜಿಲ್ಲಾ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಅದರಲ್ಲಿ ವೈದ್ಯಾಧಿಕಾರಿ, ಮನೋವೈದ್ಯ, ಸರ್ಕಾರಿ ಅಧಿಕಾರಿಗಳು, ಸಮುದಾಯದಿಂದ ಒಬ್ಬರು. ಭಿಕ್ಷೆಗೆ ಹಚ್ಚಿದವರಿಗೆ ಶಿಕ್ಷೆ ಅಂತ ಇನ್ನೊಂದು ಸಾಲು. ಮನೆಯಿಂದ ಹೊರಬಿದ್ದವರಿಗೆ ಆಸರೆ ಕೊಟ್ಟ ಗುರುವಿನ (ಸಮುದಾಯದ ಹಿರಿಯರ) ಮೇಲೇ ಪೊಲೀಸರು ಅದನ್ನು ಹಾಕಬಹುದು ಎಂಬ ಭಯ ಸಮುದಾಯದಲ್ಲಿತ್ತು.

ಸಮುದಾಯದವರು ಒಂದೊಂದು ಕಲಂ ಹಿಡಿದು ಆಕ್ಷೇಪ ಬರೆದರು. ಸಂಸದೀಯ ಸ್ಥಾಯಿ ಸಮಿತಿ ಮುಂದೆ ಮಾತಾಡಿದರು. ಬೀದಿಗೂ ಇಳಿದರು. 2018ರಲ್ಲಿ ವ್ಯಾಖ್ಯೆ ಬದಲಾಯಿತು. 2019ರ ಮಸೂದೆಯಲ್ಲಿ ಜಿಲ್ಲಾ ಸಮಿತಿಯೂ ಇರಲಿಲ್ಲ, ಭಿಕ್ಷೆಯ ಸಾಲೂ ಇರಲಿಲ್ಲ.

ಎಲ್ಲವೂ ಸಿಗಲಿಲ್ಲ. 2019ರ ಕಾಯ್ದೆಯಲ್ಲೂ ಪ್ರಮಾಣಪತ್ರ ಜಿಲ್ಲಾಧಿಕಾರಿಯೇ ಕೊಡಬೇಕು ಎಂದೇ ಉಳಿಯಿತು. ಗಂಡು ಅಥವಾ ಹೆಣ್ಣು ಅಂತ ಬದಲಿಸಲು ಆಪರೇಷನ್ ದಾಖಲೆ ಕೇಳಿತು. ತೀರ್ಪಿನ ಮಾತಿಗೂ ಇದಕ್ಕೂ ಹೊಂದುವುದಿಲ್ಲ. ತೃತೀಯ ಲಿಂಗಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅದು ಇಟ್ಟದ್ದು 6 ತಿಂಗಳಿಂದ 2 ವರ್ಷ ಶಿಕ್ಷೆ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕಾದರೆ ಕನಿಷ್ಠ 10 ವರ್ಷ. ಇದನ್ನು ನಾನು ಒಪ್ಪಲಾರೆ. ಮಸೂದೆಯನ್ನು ಇನ್ನಷ್ಟು ಪರಿಶೀಲಿಸಲು ಸಂಸದರ ಆಯ್ಕೆ ಸಮಿತಿಗೆ ಒಪ್ಪಿಸಿ ಎಂಬ ಗೊತ್ತುವಳಿಯೂ ರಾಜ್ಯಸಭೆಯಲ್ಲಿ ಬಿದ್ದುಹೋಯಿತು.

ಮೀಸಲಾತಿ ಬಗ್ಗೆ ಕಾಯ್ದೆ ಬಾಯಿಬಿಡಲಿಲ್ಲ. ಆ ಬೇಡಿಕೆ ಕರ್ನಾಟಕದಲ್ಲಿ ಬೇರೆ ದಾರಿ ಹಿಡಿಯಿತು. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟ್‌ಗೆ ಹೋಯಿತು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ನೌಕರಿಯ ನೇಮಕಾತಿ ನಿಯಮ ತಿದ್ದಿ 1% ಸಮತಲ ಮೀಸಲಾತಿ ಕೊಟ್ಟಿತು. ಸಮತಲ ಅಂದರೆ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಹೀಗೆ ಪ್ರತಿ ವರ್ಗದ ಒಳಗೂ 1%. ದಲಿತ ತೃತೀಯ ಲಿಂಗಿಯೊಬ್ಬರು ಪರಿಶಿಷ್ಟ ಜಾತಿಯ ಪಾಲಿನೊಳಗೇ ಅದನ್ನು ಕೇಳಬಹುದು, ತಮ್ಮ ಜಾತಿಯ ಹಕ್ಕು ಬಿಡಬೇಕಿಲ್ಲ.